ನಾಲಿಗೆ ಮೇಲಿನ ಹೊಲ

ನಮ್ಮೂರಲ್ಲಿ ಹೊಲ ಹೆಸರಿಗೆ ಬಂದ ದಿನವೇ ಅದರ ರುಚಿ ನಾಲಿಗೆಗೂ ಬರುತ್ತದೆ. ನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಗೋಡೆಗೆ ಒರೆಸಿ ಹೊರಗೆ ಬರುವಷ್ಟರಲ್ಲಿ ಬಾಯಲ್ಲಿ ಮಣ್ಣು ಕೂತಿರುತ್ತದೆ. ಅಲ್ಲಿಂದಾಚೆ ಆ ಹೊಲ ಕೈಬಿಟ್ಟು ಹೋಗುವ ತನಕ ಉಂಡದ್ದು ಕುಡಿದದ್ದು ಎಲ್ಲದರ ಅಡಿಗೂ ಅದೊಂದು ಇದ್ದೇ ಇರುತ್ತದೆ. ಕಚೇರಿಯ ಜವಾನ ಬಾಗಿಲ ಬಳಿ ಒಂದು ಬಿಂದಿಗೆ ನೀರು, ಒಂದು ತಟ್ಟೆ ಬೆಲ್ಲದ ಚೂರು ಇಟ್ಟಿರುತ್ತಾನೆ. ಗಂಡಿನ ಮನೆ ನೋಡಲು ಹೋದವರು ಎಷ್ಟು ಎಕರೆ ಅಂತ ಕೇಳುವ ಮೊದಲು ರುಚಿ ಹೇಗೆ ಅಂತ ಕೇಳುತ್ತಾರೆ. ದಿಣ್ಣೆಯ ಕೆಂಪುಮಣ್ಣಿನವರಿಗೆ ಬಾಯಲ್ಲಿ ಸದಾ ಹುರಿದ ಹುರುಳಿಯ ಹಾಗೆ ಒಂದು ಒಗರು. ಕೆರೆ ಹಿಂದಿನವರಿಗೆ ಹಸಿ ಸೊಪ್ಪು ಅಗಿದ ಹಾಗೆ. ನಾಲ್ಕು ಕಡೆ ಜಮೀನು ಮಾಡಿದವರಿಗೆ ಎಲ್ಲ ಕಲಸಿಕೊಂಡು ಏನಾಗಿರುತ್ತದೋ, ಅವರು ಊಟದ ಮಾತೇ ಎತ್ತುವುದಿಲ್ಲ. ಮಕ್ಕಳ ಹೆಸರಿಗೆ ಎಲ್ಲ ಬರೆದುಕೊಟ್ಟ ಮುದುಕರು ಆ ದಿನ ಒಂದು ಚೊಂಬು ನೀರು ಕುಡಿದು, ಗೋಡೆಗೆ ಒರಗಿ ಕೂತು, ಇನ್ನೊಂದು ಚೊಂಬು ಕೇಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನನಗೆ ಜಮೀನಿರಲಿಲ್ಲ. ನನ್ನದೊಂದು ಲಗೇಜ್ ಆಟೊ ಇತ್ತು, ಅದರಲ್ಲಿ ಚಿಕ್ಕತಾಯಮ್ಮನ ಕೊಪ್ಪರಿಗೆ, ಬಾಣಲೆ, ಸೌಟುಗಳನ್ನು ಛತ್ರದಿಂದ ಛತ್ರಕ್ಕೆ ಹೊರುತ್ತಿದ್ದೆ. ಚಿಕ್ಕತಾಯಮ್ಮ ಮದುವೆ ಅಡುಗೆಯವಳು. ಗಂಡ ಬೇಗ ಹೋದ, ಇದ್ದೊಬ್ಬ ಮಗಳನ್ನು ದೂರದ ಊರಿಗೆ ಕೊಟ್ಟಳು, ಆಮೇಲೆ ಅವಳಿಗೆ ಒಲೆಯೇ ಮನೆ. ಅಡುಗೆಯವರಿಗೆ ಜಮೀನಿರಬಾರದು ಅಂತ ಕಾನೂನೇನಿಲ್ಲ, ಆದರೆ ಜಮೀನಿದ್ದವರನ್ನು ಅಡುಗೆಗೆ ಯಾರೂ ಕರೆಯುವುದಿಲ್ಲ. ನಾಲಿಗೆ ಖಾಲಿ ಇದ್ದರೆ ತಾನೆ ಸಾರಿಗೆ ಉಪ್ಪು ಎಷ್ಟು ಅಂತ ಗೊತ್ತಾಗುವುದು. ಚಿಕ್ಕತಾಯಮ್ಮನ ನಾಲಿಗೆ ಎಷ್ಟು ಖಾಲಿಯೋ ಅಷ್ಟೇ ಚುರುಕು. ದಿಣ್ಣೆಯವರ ಪಂಕ್ತಿಗೆ ಒಂದು ಸಾರು, ಕೆರೆ ಹಿಂದಿನವರಿಗೆ ಇನ್ನೊಂದು, ಕೆಳಬಯಲಿನವರಿಗೆ ಉಪ್ಪೇ ಇಲ್ಲದ್ದು. ಯಾವ ಪಂಕ್ತಿಗೆ ಯಾವ ಬಕೆಟ್ಟು ಅನ್ನುವುದನ್ನು ಬಡಿಸುವವರ ಬೆನ್ನ ಹಿಂದೆ ನಿಂತು ಹೇಳುತ್ತಿದ್ದಳು.

ಕೆಳಬಯಲಿನದೇ ಒಂದು ಕಥೆ. ನಾಲೆ ಬಂದಾಗ ಊರಿನ ಅತ್ಯುತ್ತಮ ಭೂಮಿ ಅದು ಅಂತಿದ್ದರು. ಅಲ್ಲಿನವರು ಹಾಲು ಕುಡಿದರೆ ಹಾಲಿಗಿಂತ ಸಿಹಿಯಾಗಿರುತ್ತಿತ್ತಂತೆ. ವರ್ಷವಿಡೀ ನೀರು ಬಿಟ್ಟರು, ಬೆಳೆ ಮೇಲೆ ಬೆಳೆ ತೆಗೆದರು, ಮೂಟೆ ಮೂಟೆ ಗೊಬ್ಬರ ಸುರಿದರು, ನೀರು ಬಸಿದು ಹೋಗಲು ಮಾತ್ರ ದಾರಿ ಬಿಡಲಿಲ್ಲ. ನಿಧಾನಕ್ಕೆ ಮಣ್ಣಲ್ಲಿ ಉಪ್ಪೇರಿ ಚೌಳಾಯಿತು. ಬೇಸಿಗೆಯಲ್ಲಿ ನೋಡಿದರೆ ಗದ್ದೆಗೆ ಯಾರೋ ಸುಣ್ಣ ಎರಚಿದ ಹಾಗೆ. ನಾಲಿಗೆಯೂ ಅಷ್ಟೇ ನಿಧಾನಕ್ಕೆ ಕೆಟ್ಟದ್ದರಿಂದ ಯಾವತ್ತು ಕೆಟ್ಟಿತು ಅಂತ ಯಾರಿಗೂ ಹೇಳಲಾಗಲಿಲ್ಲ. ಹೊಟ್ಟೆ ತುಂಬಿಸಿಕೊಳ್ಳಲು ಉಣ್ಣುವುದು ಅಂತ ಆಯಿತು, ಅಷ್ಟೆ.

ಒಂದು ಮದುವೆಯಲ್ಲಿ ಕೊನೆಯ ಪಂಕ್ತಿ ಎದ್ದ ಮೇಲೆ ಕೆಳಬಯಲಿನ ದುಂಡಮ್ಮ ಅಡುಗೆಮನೆ ಬಾಗಿಲಿಗೆ ಬಂದಳು. ಗಂಡ ಸತ್ತ ಮೇಲೆ ನಾಲ್ಕು ಎಕರೆ ತನ್ನ ಹೆಸರಿಗೆ ಮಾಡಿಸಿಕೊಂಡು ತಾನೇ ಉಳುಮೆ ನೋಡಿಕೊಳ್ಳುತ್ತಿದ್ದ ಹೆಂಗಸು. ಎಲೆ ಅಡಿಕೆ ಇಸಿದುಕೊಂಡು, ಹೊರಡುವಾಗ ಒಂದು ಒಳ್ಳೆ ಮಾತು ಆಡಬೇಕು ಅಂತ ಆಡಿದಳು.

"ನಿನ್ ಕೈ ಅಡ್ಗೆ ಭಾಳ ಚೆಂದಾಗದೆ ಅಂತಾರೆ ಕಣಕ್ಕ, ಎಲ್ರೂವೆ. ನಾನೂ ನಂಬ್ಕಂಡಿವ್ನಿ."

ಅವಳು ಒಳ್ಳೆಯ ಮನಸ್ಸಿಂದಲೇ ಹೇಳಿ ಹೋದಳು. ಚಿಕ್ಕತಾಯಮ್ಮ ಮಾತ್ರ ಕೈಯಲ್ಲಿ ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ಪಾತ್ರೆ ತುಂಬಿದ ಮೇಲೆ ಆಟೊದಲ್ಲಿ ನನ್ನ ಪಕ್ಕ ಕೂತು ಬಂದಳು. ಊರ ಹೊರಗಿನ ಗೋಮಾಳದ ಹತ್ತಿರ, ನಾನು ಯಾವಾಗಲೂ ಎಂಜಲೆಲೆ, ತರಕಾರಿ ಸಿಪ್ಪೆ ಸುರಿಯುವ ಜಾಗದಲ್ಲಿ ಗಾಡಿ ನಿಲ್ಲಿಸಿದೆ. ಅವಳೂ ಇಳಿದಳು. ಹಳೆಯ ರಾಶಿಯ ಮೇಲೆ ತಾನೇ ಹುಟ್ಟಿದ ಕುಂಬಳದ ಬಳ್ಳಿ ಹಬ್ಬಿ ನನ್ನ ಮಂಡಿಯೆತ್ತರದ ಕಾಯಿ ಬಿಟ್ಟಿತ್ತು. ಅವಳು ಬಗ್ಗಿ ಅಡಿಯ ಮಣ್ಣನ್ನು ಮುಷ್ಟಿಯಲ್ಲಿ ತೆಗೆದು ಹಿಸುಕಿದಳು. ಕಪ್ಪಗೆ, ಹದವಾಗಿ ಹುರಿದ ರವೆಯ ಹಾಗೆ ಉದುರಿತು.

"ಇಷ್ಟ್ ವರ್ಸ ನಾನು ಉಪ್ಪು ಹಾಕ್ದೆ ಬಡ್ಸಿ, ಭಾರಿ ಜಾಣೆ ಅಂದ್ಕಂಡಿದ್ದೆ ಕಣ ಸಿದ್ರಾಜು," ಅಂದಳು. "ಒಬ್ರಿಗೂ ರುಚಿ ಹತ್ತಿಲ್ಲ. ಕೆಟ್ಟಿರೋದು ಬಾಯಲ್ಲ. ಮಣ್ಣು."

ಮುಂದಿನ ವಾರವೇ ದುಂಡಮ್ಮನ ಎರಡು ಎಕರೆ ಕೊಳ್ಳುತ್ತೇನೆ ಅಂತ ಹೊರಟಳು. ಅದೂ ನಾಲ್ಕರಲ್ಲಿ ತೀರಾ ಕೆಟ್ಟ ಎರಡು. ನನಗೆ ಸಿಟ್ಟು ಬಂತು.

"ಅಕ್ಕ, ನಿಂಗೆ ತಲೆ ಕೆಟ್ಟಿದ್ದದಾ. ಗುತ್ಗೆಗೆ ಹಾಕ್ಕೊ. ಹೆಸ್ರಿಗೆ ಯಾಕ್ ಮಾಡುಸ್ಕತೀಯೆ? ನಾಳೆಯಿಂದ ನಿನ್ನ ಅಡ್ಗೆಗೆ ಯಾರ್ ಕರೀತಾರೆ?"

"ಗುತ್ಗೆಗೆ ಹಾಕ್ಕಂಡ್ರೆ ಅದು ಹೆಂಗದೆ ಅಂತ ನಂಗೆ ಹೆಂಗ್ಲಾ ಗೊತ್ತಾಗದು? ಸೌಟಲ್ಲಿ ನೆಕ್ದೆ ಸಾರು ಮಾಡು ಅಂದಂಗಾಯ್ತು."

ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡಳು. ಮುಖ ಒಂದು ಕ್ಷಣ ಕಿವುಚಿಕೊಂಡಿತು, ಬೆಲ್ಲ ಉಗಿದಳು. ಪಕ್ಕದಲ್ಲಿ ದುಂಡಮ್ಮ ಅರ್ಧ ಹಗುರಾದ ಬಾಯಿಯಲ್ಲಿ ನಾಲಿಗೆ ಆಡಿಸುತ್ತ ಅಪರಾಧಿಯ ಹಾಗೆ ನಿಂತಿದ್ದಳು. ಚಿಕ್ಕತಾಯಮ್ಮ ಅವಳ ಭುಜ ಹಿಡಿದುಕೊಂಡು, "ಇದ್ನ ಇಟ್ಕಂಡು ನೀನು ಮೂರ್ ಹೊತ್ತು ಉಣ್ತಿದ್ದೆಯಲ್ಲವ್ವ," ಅಂದಳು.

ನಾನು ಹೆದರಿದ್ದೇ ಆಯಿತು. ಅವಳ ಜೊತೆ ಬಹಳ ವರ್ಷದಿಂದ ಇದ್ದ ನಿಂಗಾಜಮ್ಮ ಅನ್ನುವ ಸಹಾಯಕಿ ಅವಳ ಪರವಾಗಿ ರುಚಿ ನೋಡುವುದು ಅಂತ ಏರ್ಪಾಡಾಗಿತ್ತು. ಆದರೆ ನಿಂಗಾಜಮ್ಮನಿಗೆ ಅಕ್ಕನ ಅಡುಗೆಯಲ್ಲಿ ತಪ್ಪು ತೆಗೆದು ಅಭ್ಯಾಸವಿಲ್ಲ. ಒಂದು ಗೃಹಪ್ರವೇಶದಲ್ಲಿ ದಿಣ್ಣೆಯವರ ಪಂಕ್ತಿಗೆ ಹೋದ ಹುಳಿ ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ಚಿಕ್ಕತಾಯಮ್ಮ ಕೇಳಿದಾಗಲೆಲ್ಲ ನಿಂಗಾಜಮ್ಮ ಚೆನ್ನಾಗದೆ ಅಕ್ಕ ಅಂದಿದ್ದಳು. ಮನೆಯ ಯಜಮಾನ ಎಲೆಯ ಮುಂದಿಂದ ಎದ್ದುಹೋದ. ಅಲ್ಲಿಗೆ ಕರೆ ನಿಂತಿತು. ಕೊಪ್ಪರಿಗೆಗಳನ್ನು ಮನೆಯ ಹಿಂದೆ ಬೋರಲು ಹಾಕಿದೆವು. ನಾನು ಬೇರೆ ಬಾಡಿಗೆ ಹುಡುಕಿಕೊಂಡೆ, ಆದರೂ ಮಾರ್ಕೆಟ್ಟಿನ ಕೊಳೆತ ತರಕಾರಿ, ಛತ್ರಗಳ ಬಾಳೆಲೆ ತಂದು ಅವಳ ಹೊಲಕ್ಕೆ ಸುರಿಯುವುದನ್ನು ಬಿಡಲಿಲ್ಲ.

ಮೊದಲು ಮಾಡಿದ್ದು ಪೂರ್ತಿ ತಪ್ಪು. ತಂದದ್ದನ್ನೆಲ್ಲ ಹಸಿಹಸಿಯಾಗಿ ಹರವಿ ಉಳುಮೆ ಮಾಡಿಸಿಬಿಟ್ಟಳು. ನೊಣ ಎದ್ದವು, ಪಕ್ಕದ ಗದ್ದೆಯವರು ಜಗಳಕ್ಕೆ ಬಂದರು. ಅವಳ ಬಾಯಲ್ಲಿ ವಾರಗಟ್ಟಲೆ ಕೊಳೆತ ಎಲೆಕೋಸು. ಉಣ್ಣಲಾಗದೆ ಸೊರಗಿದಳು. ಒಂದು ದಿನ ನಾನು ಹೋದಾಗ ಬದುವಿನ ಮೇಲೆ ಕೂತು ತಲೆ ಅಲ್ಲಾಡಿಸುತ್ತಿದ್ದಳು.

"ಅರೆ ಬೆಂದದ್ದ ಬಡ್ಸ್ಬುಟ್ಟೆ ಕಣೋ. ಅಡ್ಗೆಯೋಳಾಗಿ."

ಅವತ್ತಿನಿಂದ ರಾಶಿ ಹಾಕಿ ಬೇಯಿಸಲು ಹಿಡಿದಳು. ಒಣಗಿದ ಎಲೆ ಒಂದು ಪದರ, ಹಸಿ ತರಕಾರಿ ಒಂದು ಪದರ, ಸಗಣಿ, ಹೊಂಗೆ ಸೊಪ್ಪು, ಮೇಲೆ ಒಂದಿಷ್ಟು ಮಣ್ಣು. ನಡುವೆ ಕೈ ತೂರಿಸಿ ಬಿಸಿ ನೋಡುವಳು. ಬಿಸಿ ಏರಿದರೆ ಮಗುಚುವಳು, ಒಣಗಿದರೆ ನೀರು ಚಿಮುಕಿಸುವಳು. ಒಲೆ ಮುಂದೆ ಹೇಗೆ ಇರುತ್ತಿದ್ದಳೋ ಹಾಗೇ ಸೆರಗು ಸಿಕ್ಕಿಸಿಕೊಂಡು, ಕೆಂಪು ಮುಖ ಮಾಡಿಕೊಂಡು, ನಮ್ಮನ್ನೆಲ್ಲ ಗದರುತ್ತ. ನಿಂಗಾಜಮ್ಮ ಉಪ್ಪಾದ ಹುಳಿಯ ಪ್ರಾಯಶ್ಚಿತ್ತಕ್ಕೋ ಏನೋ, ದಿನಾ ಬಂದು ಗೊಬ್ಬರ ಮಗುಚುತ್ತಿದ್ದಳು.

ಆ ಹೊತ್ತಿಗೆ ಕೃಷಿ ಇಲಾಖೆಗೆ ಹೊಸದಾಗಿ ನಗೀನಾ ಮೇಡಂ ಬಂದಿದ್ದರು. ಬೇರೆ ಊರಿನವರು. ಪೊಟ್ಟಣಗಳಲ್ಲಿ ಮಣ್ಣು ತುಂಬಿಕೊಂಡು ಪರೀಕ್ಷೆಗೆ ಕಳಿಸಿ, ಫಲಿತಾಂಶ ಬಂದಾಗ ಹೇಳುತ್ತೇನೆ ಅಂದರೆ ನಮ್ಮವರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಯಾಕೆ ನಗುತ್ತಾರೆ ಅಂತ ಪಾಪ ಅವರಿಗೆ ತಿಳಿಯುತ್ತಿರಲಿಲ್ಲ. ಚಿಕ್ಕತಾಯಮ್ಮ ನಗಲಿಲ್ಲ. ಮೇಡಂ ಬಂದಾಗ ಬದುವಿನ ಮೇಲೆ ಗೋಣಿ ಹಾಸಿ ಕೂರಿಸಿದಳು.

"ಮೇಡಂ, ಉಪ್ಪು ಜಾಸ್ತಿ ಆಗದೆ ಅಂತ ತಾನೆ ಬಂದಿರೋದು? ಅದು ನಂಗೊತ್ತು. ಹೋಗ್ಬೇಕಾದ್ರೆ ಏನ್ ಮಾಡ್ಬೇಕು, ಅದ ಹೇಳಿ."

"ಉಪ್ಪಿಗೆ ಹೋಗೋಕೆ ದಾರಿ ಬೇಕಲ್ಲಮ್ಮ," ಅಂದರು ಮೇಡಂ. "ನೀರು ಬಿಡ್ತೀರಿ, ನೀರು ಆರಿ ಹೋಗತ್ತೆ, ಉಪ್ಪು ಅಲ್ಲೇ ಉಳಿಯತ್ತೆ. ನಿಮ್ಮ ಗೊಬ್ಬರ ಒಳ್ಳೇದು, ಆದ್ರೆ ಅದೊಂದ್ರಿಂದಲೇ ಆಗಲ್ಲ. ಮೊದಲು ಬಸಿಗಾಲುವೆ ತೆಗೀರಿ, ಇಲ್ಲಿಂದ ಹಳ್ಳದವರೆಗೆ. ಮಳೆ ನೀರು ನಿಲ್ಸಿ ಅದರೊಳಗೆ ಬಸಿದು ಹೋಗೋ ಹಾಗೆ ಮಾಡಿ. ಆಮೇಲೆ ಡಯಾಂಚ ಅನ್ನೋ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ. ಅದು ಚೌಳಿಗೆ ಹೆದರಲ್ಲ. ಹೂ ಬರೋ ಹೊತ್ತಿಗೆ ಮಣ್ಣಿಗೇ ಸೇರಿಸಿ ಉತ್ತುಬಿಡಿ. ಆಮೇಲೆ ಹಾಕಿ ನಿಮ್ಮ ಗೊಬ್ಬರ."

ಹಳ್ಳಕ್ಕೆ ಕಾಲುವೆ ಹೋಗಬೇಕಾದರೆ ದುಂಡಮ್ಮನ ಉಳಿದ ಎರಡು ಎಕರೆಯ ಮಧ್ಯದಲ್ಲೇ ಹೋಗಬೇಕು. ಕೇಳಲು ಚಿಕ್ಕತಾಯಮ್ಮನಿಗೆ ಬಾಯಿ ಬರಲಿಲ್ಲ. ದುಂಡಮ್ಮ ತಾನೇ ಗುದ್ದಲಿ ಹಿಡಿದುಕೊಂಡು ಬಂದಳು.

"ಅಗ್ಯಕ್ಕ, ಅಗಿ. ಅಲ್ಲಿ ಹಾಳಾಗಕೆ ಬೆಳೆ ಏನದೆ," ಅಂತ ಮೊದಲ ಏಟು ತಾನೇ ಹಾಕಿದಳು.

ಮುಂಗಾರು ಬಂತು. ಗದ್ದೆ ತುಂಬ ನೀರು ನಿಲ್ಲಿಸಿದರು, ನೀರು ಕಾಲುವೆ ಹಿಡಿದು ಮಬ್ಬು ಬಣ್ಣದಲ್ಲಿ ಹಳ್ಳಕ್ಕೆ ಇಳಿಯಿತು. ಆ ವಾರ ಚಿಕ್ಕತಾಯಮ್ಮನ ಬಾಯಿ ಇನ್ನೂ ಕೆಟ್ಟಿತು. ಮಣ್ಣಿನ ಉಪ್ಪೆಲ್ಲ ಕರಗಿ ಎದ್ದು ನಾಲಿಗೆ ಮೇಲೆ ಬಂದು ಕೂತ ಹಾಗೆ. ಮಾತಾಡಿದರೂ ಉಗುಳು ನುಂಗಿ ನುಂಗಿ ಮಾತಾಡುತ್ತಿದ್ದಳು. ಬಿಟ್ಟುಬಿಡು ಅಂತ ನಾನು ಹೇಳಿದೆ, ಮಗಳೂ ಬಂದು ಹೇಳಿದಳು. ಅವಳು ಡಯಾಂಚ ಬಿತ್ತಿಸಿದಳು. ಎದೆಯುದ್ದ ಬೆಳೆದು ಹಳದಿ ಹೂ ಕಾಣಿಸಿಕೊಂಡಾಗ, ನೋಡುವವರ ಹೊಟ್ಟೆ ಉರಿಯುವ ಹಾಗೆ, ಎಲ್ಲ ಮಣ್ಣಿಗೆ ಸೇರಿಸಿ ಉಳುಮೆ ಮಾಡಿಸಿದಳು. ಮೇಲೆ ಬೆಂದ ಗೊಬ್ಬರ. ಮತ್ತೊಂದು ಮಳೆಗಾಲ ಕಳೆಯಿತು, ಮತ್ತೆ ಅದೇ. ಊರಿನವರಿಗೆ ಅದು ನಗುವ ವಿಷಯವಾಗಿಯೂ ಹಳತಾಗಿತ್ತು.

ಒಂದು ಬೆಳಿಗ್ಗೆ ನಾನು ಬಾಳೆಲೆ ಲೋಡು ತಂದಾಗ ಅವಳು ಹೊಲದಲ್ಲಿ ಹಾಕಿಕೊಂಡಿದ್ದ ಗುಡಿಸಲ ಮುಂದೆ ಲೋಟ ಹಿಡಿದು ನಿಂತಿದ್ದಳು. ಬರೀ ನೀರು. ಒಂದು ಗುಟುಕು ಕುಡಿಯುವಳು, ನಿಲ್ಲುವಳು, ಇನ್ನೊಂದು ಗುಟುಕು. ಮೈ ಹುಷಾರಿಲ್ಲವೇನೋ ಅಂತ ಹತ್ತಿರ ಹೋದೆ.

"ಉಪ್ಪಿಲ್ಲ," ಅಂದಳು.

"ಖಾಲಿ ಆಯ್ತಾ ಬಾಯಿ?"

"ಖಾಲಿ ಅಲ್ಲ. ತಾಳು." ಕಣ್ಣು ಮುಚ್ಚಿಕೊಂಡಳು. "ಎಳೇ ಅವರೆಕಾಯಿ ಸುಲಿಯಾಗ ಒಂದ್ ವಾಸ್ನೆ ಬತ್ತದಲ್ಲ, ಅದು. ಆಮೇಲೆ, ಹೆಂಗೇಳನ, ಎಳನೀರಿನ ಗಂಜಿ ಕೆರ್ಕಂಡಂಗೆ. ಇದು ಏನಂತ ನಂಗೊತ್ತಿಲ್ಲ ಕಣ ಸಿದ್ರಾಜು. ಇಂಥದ್ದ ನಾನು ಯಾವತ್ತೂ ಮಾಡಿಲ್ಲ."

ಗದ್ದೆಯ ಅಂಚಲ್ಲಿ ಕೂತು ಮಣ್ಣು ಕೆದಕಿದೆವು. ಎರೆಹುಳು ಮುದುರಿಕೊಂಡು ಒಳಗೆ ಸರಿದವು. ಅವಳು ಅತ್ತಳು, ನಾನೂ ಅತ್ತೆ, ಆಮೇಲೆ ಇಬ್ಬರೂ ನಿಂಗಾಜಮ್ಮ ತಂದ ತಣ್ಣನೆ ಮುದ್ದೆ ಉಂಡೆವು. ಅವಳು ಮೂರು ಸಲ ಹಾಕಿಸಿಕೊಂಡಳು.

ಇಷ್ಟಾಗುವ ಹೊತ್ತಿಗೆ ಆ ಕಡೆ ಬೇರೆಯೇ ನಡೆಯುತ್ತಿತ್ತು. ಇಟ್ಟಿಗೆ ತಮ್ಮಯ್ಯ ಅಂತ ನಮ್ಮೂರಲ್ಲಿ ಒಬ್ಬ, ಗೂಡು ಇಟ್ಟವನು. ಮೇಲ್ಮಣ್ಣು ಬಗೆದು ಇಟ್ಟಿಗೆ ಸುಟ್ಟು ಆಚೆ ಊರುಗಳಿಗೆ ಕಳಿಸುತ್ತಿದ್ದ. ಬಗೆದ ಗುಂಡಿಯ ರುಚಿ ಬೂದಿಯಂತೆ, ಅವನಿಗೆ ಅದು ಒಗ್ಗಿಹೋಗಿತ್ತು. ಕೆಟ್ಟ ಮನುಷ್ಯನಲ್ಲ, ಮಾತೂ ನಯ. ಅವನು ಇಡೀ ಕೆಳಬಯಲನ್ನು ಕೊಳ್ಳಲು ಒಬ್ಬೊಬ್ಬರ ಮನೆ ಜಗಲಿ ಮೇಲೂ ಕೂತು ಎದ್ದು ಬಂದಿದ್ದ. "ನಿಮ್ ನಾಲ್ಗೆ ನಿಮ್ಗೆ ವಾಪಸ್ ಕೊಡ್ತೀನಿ ಕಣ್ರಪ್ಪ, ಮೇಲೆ ದುಡ್ಡೂವೆ," ಅಂದರೆ ಯಾರು ಬೇಡ ಅಂದಾರು. ಎಲ್ಲರೂ ಒಪ್ಪಿದ್ದರು. ದುಂಡಮ್ಮನೂ ಒಪ್ಪಿದ್ದಳು, ಬಸಿಗಾಲುವೆ ಹಾದು ಅವಳ ಉಪ್ಪು ಒಂದಿಷ್ಟು ತೆಳುವಾಗಿದ್ದರೂ. ಕೆಳಬಯಲು ಹೋದರೆ ಚಿಕ್ಕತಾಯಮ್ಮನ ಎರಡು ಎಕರೆ ಗುಂಡಿಗಳ ನಡುವೆ ಒಂದು ದಿಬ್ಬವಾಗಿ ಉಳಿಯುತ್ತದೆ. ಬಸಿಗಾಲುವೆಯೂ ಹೋಗುತ್ತದೆ, ಸುತ್ತ ಗುಂಡಿಗಳಲ್ಲಿ ನೀರು ನಿಂತು ಉಪ್ಪು ಮತ್ತೆ ಏರುತ್ತದೆ.

ಅವಳು ಒಬ್ಬೊಬ್ಬರ ಮನೆಗೂ ಹೋಗಿ ಹೇಳಿದಳು. ಯಾರೂ ಎದುರಾಡಲಿಲ್ಲ, ಯಾರೂ ನಂಬಲೂ ಇಲ್ಲ. "ನಿನ್ ಬಾಯಿ ನಿಂಗೆ, ನಮ್ ಬಾಯಿ ನಮ್ಗೆ ಕಣಕ್ಕ," ಅಂದ ಒಬ್ಬ. ಅದು ಸುಳ್ಳೂ ಅಲ್ಲ. ರುಚಿಯನ್ನು ಮಾತಲ್ಲಿ ಹೇಳಿ ಯಾರ ಬಾಯಿಗೆ ಹಾಕಲಾಗುತ್ತದೆ.

ನೋಂದಣಿಯ ದಿನ ಕೆಳಬಯಲಿಗೆ ಕೆಳಬಯಲೇ ಕಚೇರಿಯ ಜಗಲಿಯಲ್ಲಿ ಕೂತಿತ್ತು. ತಮ್ಮಯ್ಯ ಎಲ್ಲರಿಗೂ ಕಾಫಿ ಹೇಳಿದ್ದ. ಚಿಕ್ಕತಾಯಮ್ಮ ನನ್ನ ಆಟೊದಲ್ಲಿ ಬಂದು ಇಳಿದವಳು ನೇರ ಒಳಗೆ ಹೋಗಿ ನೋಂದಣಿ ಅಧಿಕಾರಿಯ ಮೇಜಿನ ಮುಂದೆ ತನ್ನ ಹೊಲದ ಪತ್ರ ಇಟ್ಟಳು.

"ಸ್ವಾಮಿ, ಇದುಕ್ಕೆ ಹೆಸ್ರು ಸೇರ್ಸ್ಬೇಕು."

"ಯಾರ ಹೆಸರಮ್ಮ?"

"ಹೊರ್ಗಡೆ ಕೂತವ್ರಲ್ಲ, ಅಷ್ಟೂ ಜನದ್ದೂವೆ."

ಅಧಿಕಾರಿ ಕನ್ನಡಕ ತೆಗೆದು ಅವಳನ್ನು ನೋಡಿದರು. ನಾನು ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದೆ.

"ಅಕ್ಕ, ನಿಂಗಿರೋದು ಅದೊಂದೇ. ಅಷ್ಟ್ ಜನಕ್ಕೆ ಬರ್ದು ಕೊಟ್ರೆ ನಿಂಗೆ ಒಂದ್ ಹೆಜ್ಜೆ ಊರೋಷ್ಟೂ ಉಳಿಯಕಿಲ್ಲ. ನಾಳೆ ಅವ್ರು ಅದ್ನೂ ಸೇರ್ಸಿ ಮಾರುದ್ರೆ?"

"ಮಾರುದ್ರೆ ಮಾರ್ಲಿ. ಉಂಡು ಮಾರ್ಲಿ." ನನ್ನ ಕೈ ಬಿಡಿಸಿಕೊಂಡಳು. "ಜೀವ್ಮಾನ ಪೂರ್ತಿ ಬಡ್ಸ್ಕಂಡ್ ಬಂದಿವ್ನಿ ಕಣೋ ನಾನು. ಇದೊಂದು ಪಾತ್ರೆ ಮುಚ್ಚಿಟ್ಕಂಡು ಒಬ್ಳೇ ಹೆಂಗ್ಲಾ ಉಣ್ಣದು?"

ಹೊರಗೆ ಬಂದು ಜಗಲಿಯವರ ಮುಂದೆ ನಿಂತಳು. ಅವಳಿಗೆ ಭಾಷಣ ಬರುವುದಿಲ್ಲ. ಪಂಕ್ತಿಯ ಮುಂದೆ ನಿಂತಾಗ ಹೇಗೋ ಹಾಗೆ, ಕೈ ಸೆರಗಿಗೆ ಒರೆಸಿಕೊಳ್ಳುತ್ತ ಮಾತಾಡಿದಳು.

"ನಂಗೆ ದುಡ್ಡು ಬ್ಯಾಡ. ನನ್ ಹೊಲುಕ್ಕೆ ನಿಮ್ ಹೆಸ್ರು ಸೇರ್ಸ್ತಾ ಇವ್ನಿ. ಹೆಬ್ಬೆಟ್ಟು ಒತ್ತಿ. ಒಂದ್ ಲೋಟ ನೀರು ಕುಡೀರಿ. ಆಮೇಲೂ ತಮ್ಮಯ್ಯಣ್ಣಂಗೆ ಕೊಡ್ಬೇಕು ಅನ್ಸುದ್ರೆ, ನಂದೂ ಸೇರ್ಸಿ ಕೊಟ್ಬುಡಿ. ನಾನು ಒಂದ್ ಮಾತಾಡಕಿಲ್ಲ."

ತಮ್ಮಯ್ಯ ನಕ್ಕ. ಅವನಿಗೆ ಅದರಲ್ಲಿ ನಷ್ಟವೇನೂ ಕಾಣಲಿಲ್ಲ, ಎರಡು ಎಕರೆ ಪುಕ್ಕಟೆ ಸೇರುತ್ತದೆ. "ಆಗ್ಲಿ ಬುಡವ್ವ, ನಾನು ಕಾಯ್ತೀನಿ," ಅಂದ. ಅಧಿಕಾರಿ ಗೊಣಗುತ್ತಲೇ ಬರೆಸಿದರು. ಬರೆಯುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂತು.

ಮೊದಲು ದುಂಡಮ್ಮ ಒತ್ತಿದಳು. ಶಾಯಿ ಒರೆಸಿಕೊಳ್ಳಲು ಗೋಡೆಯ ಕಡೆ ಕೈ ಎತ್ತಿದವಳು ಅಲ್ಲೇ ನಿಂತಳು. ಅವಳ ಕೈ ಗಾಳಿಯಲ್ಲೇ ಇತ್ತು. ಹಿಂದಿನವನು ಸರಿಯವ್ವ ಅಂದ. ಅವಳು ಸರಿಯಲಿಲ್ಲ, ಅವನೇ ಬಳಸಿಕೊಂಡು ಬಂದು ಒತ್ತಿದ. ಅವನೂ ನಿಂತ. ಒಬ್ಬರಾದ ಮೇಲೆ ಒಬ್ಬರು ಒತ್ತಿ ಹೊರಗೆ ಬಂದರು, ಬಂದವರೆಲ್ಲ ಜಗಲಿಯ ಮೇಲೆ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕೂತರು. ಜವಾನನ ಬಿಂದಿಗೆ ಖಾಲಿಯಾಯಿತು, ಅವನು ಓಡಿ ಹೋಗಿ ಇನ್ನೊಂದು ತಂದ. ಅವರ ಉಪ್ಪು ಎಲ್ಲಿಗೂ ಹೋಗಿರಲಿಲ್ಲ, ತಮ್ಮ ತಮ್ಮ ಹೊಲದ್ದು ಹಾಗೇ ಇತ್ತು. ಆದರೆ ಅದರ ಪಕ್ಕದಲ್ಲೇ ಇದೂ ಬಂದು ಕೂತಿತ್ತು. ಇಷ್ಟು ವರ್ಷ ಒಗ್ಗಿಹೋಗಿದ್ದ ಚೌಳು, ಪಕ್ಕದಲ್ಲಿ ಒಳ್ಳೆಯದೊಂದು ಬಂದ ಕೂಡಲೇ, ಒಂದು ಕ್ಷಣವೂ ಸಹಿಸಲಾಗದಂತಾಯಿತು. ಒಬ್ಬ ಮುದುಕ, ಹುಟ್ಟಾ ಕೆಳಬಯಲಿನವನು, ತುಟಿ ಚಪ್ಪರಿಸುತ್ತ, "ಇದು ನಮ್ಮವ್ವನ ಕಾಲದ್ದು," ಅಂದ. "ನಾಲೆ ಬಂದ ವರ್ಸದ್ದು. ನಾನು ಮರ್ತೇಬುಟ್ಟಿದ್ದೆ."

"ಎಷ್ಟ್ ವರ್ಸ ಹಿಡೀತಕ್ಕ ಇದುಕ್ಕೆ?" ಅಂತ ಒಬ್ಬಳು ಕೇಳಿದಳು.

"ಎಲ್ಡು ಮಳೆಗಾಲ ದಾಟಿ ಮೂರ್ನೇದು. ನಾನು ಮೊದ್ಲು ತಪ್ಪು ಮಾಡ್ದೆ. ನೀವು ಮಾಡಕಿಲ್ಲ."

"ಗೊಬ್ರ?"

"ನಾನು ಬೇಯ್ಸ್ ಕೊಡ್ತೀನಿ. ಬೇಯ್ಸದು ಕಲುಸ್ತೀನಿ."

ತಮ್ಮಯ್ಯ ತನ್ನ ಕಾಗದಗಳನ್ನು ಮೇಜಿನ ಮೇಲೆ ಹರಡಿ ಕಾದ. ಮೊದಲ ಹೆಸರು ಕೂಗಿದರು. ಹೆಸರಿನವನು ಏಳಲಿಲ್ಲ. ಎರಡನೆಯದು ಕೂಗಿದರು. ದುಂಡಮ್ಮ ಎದ್ದಳು. ಎದ್ದವಳು ಮೇಜಿನ ಹತ್ತಿರ ಹೋಗದೆ, ಚಿಕ್ಕತಾಯಮ್ಮನ ಪಕ್ಕ ಹೋಗಿ ನಿಂತಳು. ಆಮೇಲೆ ಜಗಲಿಯೇ ಎದ್ದಿತು. ಅವರೆಲ್ಲ ಎದ್ದದ್ದು ಕಚೇರಿಯ ಕಡೆಗಲ್ಲ, ಮೆಟ್ಟಿಲ ಕಡೆಗೆ. ಒಬ್ಬೊಬ್ಬರೂ ತಮ್ಮಯ್ಯನಿಗೆ ಕೈ ಮುಗಿದು ಹೋದರು, ಮರ್ಯಾದೆಗೆ ಕಡಿಮೆ ಮಾಡಲಿಲ್ಲ. ತಮ್ಮಯ್ಯ ಕಾಗದಗಳನ್ನು ಜೋಡಿಸಿ ಮಡಿಚಿ ಜೇಬಿಗಿಟ್ಟುಕೊಂಡ. ಕಾಫಿಯ ದುಡ್ಡು ಕೊಟ್ಟ. ಹೋಗುವಾಗ ಚಿಕ್ಕತಾಯಮ್ಮನ ಮುಂದೆ ನಿಂತು, "ಅಷ್ಟೊಂದು ಚೆಂದಾಗದಾ?" ಅಂತ ಕೇಳಿದ. ಅವಳು ಹೌದು ಅನ್ನುವ ಹಾಗೆ ತಲೆ ಆಡಿಸಿದಳು. ಅವನು ಬಿಸಿಲಿಗೆ ಇಳಿದು ಹೋದ.

ಆ ವರ್ಷ ಕೆಳಬಯಲಿನಲ್ಲಿ ಗುದ್ದಲಿಯ ಸದ್ದು ನಿಲ್ಲಲಿಲ್ಲ. ಬದುವಿಂದ ಬದುವಿಗೆ ಬಸಿಗಾಲುವೆ ಸೇರಿ, ಎಲ್ಲವೂ ಒಂದು ದೊಡ್ಡ ಕಾಲುವೆಯಾಗಿ ಹಳ್ಳಕ್ಕೆ ಬಿದ್ದವು. ನಗೀನಾ ಮೇಡಂ ಟೋಪಿ ಹಾಕಿಕೊಂಡು ಬಿಸಿಲಲ್ಲಿ ನಿಂತು ಇಳಿಜಾರು ಅಳೆದು ಕೊಟ್ಟರು, ಇಲಾಖೆಯಿಂದ ಡಯಾಂಚ ಬೀಜ ತರಿಸಿದರು. ಈಗ ಅವರು ಮಣ್ಣು ಪೊಟ್ಟಣ ಕಟ್ಟಿದರೆ ಯಾರೂ ನಗುವುದಿಲ್ಲ. ಅವರು ಹೇಳುವ ಅಂಕಿ, ತಮ್ಮ ನಾಲಿಗೆ ಹೇಳುವುದು, ಎರಡನ್ನೂ ಇಟ್ಟು ಹೋಲಿಸಿ ನೋಡುವುದು ಒಂದು ಆಟವಾಯಿತು.

ಗೊಬ್ಬರ ಮೊದಲು ಚಿಕ್ಕತಾಯಮ್ಮನ ಗುಡಿಸಲ ಪಕ್ಕದಲ್ಲಿ ಮಾತ್ರ ಆಗುತ್ತಿತ್ತು. ಎಲ್ಲರಿಗೂ ಸಾಲದು ಅಂತಾದಾಗ ದುಂಡಮ್ಮ ತನ್ನ ಕೊಟ್ಟಿಗೆಯಲ್ಲಿ ಇನ್ನೊಂದು ಗೊಬ್ಬರದ ಮನೆ ಹಾಕಿದಳು. ಅವಳನ್ನು ನೋಡಿ ಮತ್ತೊಬ್ಬಳು, ಮತ್ತೊಬ್ಬಳು. ಒಬ್ಬೊಬ್ಬರ ಗೊಬ್ಬರಕ್ಕೂ ಒಂದು ಕೈಗುಣ. ದುಂಡಮ್ಮನದು ನುಣ್ಣಗೆ, ನಿಂಗಾಜಮ್ಮನದು ಸ್ವಲ್ಪ ಬಿಸಿ ಜಾಸ್ತಿ, ಆದರೆ ರಾಗಿಗೆ ಅದೇ ಸರಿ. ಮಾರ್ಕೆಟ್ಟಿನ ಕಸ ಹೊರಲು ನನ್ನ ಒಂದು ಆಟೊ ಏತಕ್ಕೂ ಸಾಲದೆ ಹೋಯಿತು. ಆಗ ಇಟ್ಟಿಗೆ ತಮ್ಮಯ್ಯನೇ ಬಂದು, ತನ್ನ ಲಾರಿಗಳು ಸುಮ್ಮನೆ ನಿಂತಿವೆ, ಬಾಡಿಗೆಗೆ ಬಿಡಲೇ ಅಂತ ಕೇಳಿದ. ನಾವು ಚೌಕಾಸಿ ಮಾಡಿಯೇ ಒಪ್ಪಿದೆವು. ಕೆಳಬಯಲಿನ ಗೊಬ್ಬರ ಅಂತ ಚೀಲದ ಮೇಲೆ ಮುದ್ರೆ ಬಿತ್ತು, ಆಚೆ ಊರುಗಳಿಗೂ ಹೋಗತೊಡಗಿತು. ಆ ಊರಿನವರು ಪಾಪ, ಚೀಲದೊಳಗೆ ಕೈ ಹಾಕಿ, ಬಣ್ಣ ನೋಡಿ, ಮೂಸಿ ನೋಡಿ ಕೊಳ್ಳುತ್ತಾರೆ. ಅವರಿಗೆ ಬೇರೆ ದಾರಿ ಇಲ್ಲ.

ಮೂರನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಒಂದೊಂದೇ ಮನೆಯಲ್ಲಿ ಉಪ್ಪು ಬಿಟ್ಟಿತು. ಅದು ಹಬ್ಬದ ಹಾಗೆ ಒಂದೇ ದಿನ ಬರಲಿಲ್ಲ. ಇವತ್ತು ಈ ಮನೆ, ಇನ್ನೊಂದು ವಾರಕ್ಕೆ ಆ ಮನೆ. ಬಿಟ್ಟ ದಿನ ಆ ಮನೆಯವರು ಬೀದಿಗೆ ಬಂದು ಎದುರಿಗೆ ಸಿಕ್ಕವರಿಗೆಲ್ಲ ಊಟಕ್ಕೆ ಬನ್ನಿ ಅನ್ನುತ್ತಿದ್ದರು. ಚಿಕ್ಕತಾಯಮ್ಮನಿಗೆ ಮತ್ತೆ ಕರೆ ಬಂತು. ಈಗ ಅವಳ ನಾಲಿಗೆಯಲ್ಲಿ ಹೊಲವಿತ್ತು. ಆದರೂ ಅಡುಗೆ ಮೊದಲಿಗಿಂತ ಚೆನ್ನಾಯಿತು, ಅಥವಾ ಉಣ್ಣುವವರು ಚೆನ್ನಾದರು, ನನಗೆ ಗೊತ್ತಿಲ್ಲ. ಕೆಳಬಯಲಿನ ಪಂಕ್ತಿಗೆ ಬೇರೆ ಬಕೆಟ್ಟು ಇಡುವುದನ್ನು ಬಿಟ್ಟಳು. ಅವರಿಗೂ ಉಪ್ಪು ಹಾಕಿ ಬಡಿಸಿದ ಮೊದಲ ದಿನ ಅವಳು ಬೇಕೆಂದೇ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಒಳಗೆ ಕೂತು ಪಂಕ್ತಿಯ ಗಲಾಟೆ ಕೇಳಿಸಿಕೊಂಡಳು. ಇನ್ನೊಂದು ಸೌಟು, ಇನ್ನೊಂದು ಸೌಟು ಅಂತ ಕೂಗುತ್ತಿದ್ದರು.

ಹೋದ ವರ್ಷ ಊರಿನಲ್ಲಿ ಕೆಟ್ಟ ನೆಲ ಅಂತ ಉಳಿದದ್ದು ತಮ್ಮಯ್ಯನ ಹಳೇ ಗೂಡಿನ ಪಕ್ಕದ ಅರ್ಧ ಎಕರೆ. ಬಗೆದು ಬಿಟ್ಟದ್ದು, ಸುಟ್ಟದ್ದು, ಮೇಲೆ ಚೌಳು. ಹಿಂದೆ ಆಗಿದ್ದರೆ ಅದನ್ನು ಪುಕ್ಕಟೆ ಕೊಟ್ಟರೂ ಯಾರೂ ತಗೊಳ್ಳುತ್ತಿರಲಿಲ್ಲ. ಈಗ ಅದಕ್ಕೆ ಪೈಪೋಟಿ ಬಿತ್ತು. ನೆಲ ಕೆಟ್ಟಷ್ಟೂ ಮಾಡಿ ತೋರಿಸಲು ಚೆನ್ನ ಅಂತ ನಮ್ಮೂರಿನ ಹೆಂಗಸರು ಹಟಕ್ಕೆ ಬಿದ್ದರು. ಹೇಗೋ ಮಾಡಿ ಕೊನೆಗೆ ನಾನು ಗಿಟ್ಟಿಸಿಕೊಂಡೆ. ಅಷ್ಟು ವರ್ಷ ಬೇರೆಯವರ ಹೊಲಕ್ಕೆ ಹೊತ್ತು ಹಾಕಿದವನಿಗೆ ತನ್ನದೊಂದು ಇರಲಿ ಅನ್ನಿಸಿತ್ತು. ಚಿಕ್ಕತಾಯಮ್ಮ ಜೊತೆಗೆ ಬಂದಳು. ಹೆಬ್ಬೆಟ್ಟು ಒತ್ತಿದೆ. ಹೊಸಿಲು ದಾಟುವಷ್ಟರಲ್ಲಿ ಬಂತು. ಬೂದಿ, ತುಕ್ಕು, ಸುಟ್ಟ ಕಲ್ಲು, ಅದರ ಮೇಲೆ ಬೆರಳು ಗಾತ್ರದ ಉಪ್ಪು. ಕಣ್ಣಲ್ಲಿ ನೀರು ಬಂತು. ಕಂಬ ಹಿಡಿದುಕೊಂಡೆ. ನಗುವೂ ಬಂತು, ತಡೆಯಲಾಗಲಿಲ್ಲ.

"ಹೆಂಗದ್ಲಾ?" ಅಂದಳು ಚಿಕ್ಕತಾಯಮ್ಮ.

"ಘೋರವಾಗದೆ ಕಣಕ್ಕ."

"ಅಂಗಾದ್ರೆ ಕೂರ್ಬ್ಯಾಡ," ಅಂದಳು, ಆಗಲೇ ಮೆಟ್ಟಿಲಿಳಿಯುತ್ತ. "ಗಾಡಿ ತಿರುಗ್ಸು. ಮಾರ್ಕೆಟ್ಟು ಬಾಗ್ಲಾಕದ್ರೊಳ್ಗೆ ಒಂದು ಲೋಡು ತುಂಬ್ಕಳನ."